ಮುಂದಿನ ಶನಿವಾರದ ನಾಲ್ಕು ಡಿಗ್ರಿ

ತೀರ್ಥರೂಪ ಅಪ್ಪನಿಗೆ,
ನಮ್ಮ ಔಷಧಿ ಅಂಗಡಿಯಿಂದಲೇ ಮಗಳ ನಮಸ್ಕಾರ.

ಗಾಬರಿಯಾಗಬೇಡಿ, ಲೈಸೆನ್ಸ್ ಇನ್ನೂ ಗೋಡೆಯ ಮೇಲೇ ಇದೆ. ನಿನ್ನೆ ಇನ್ಸ್‌ಪೆಕ್ಟರಮ್ಮ ತಪಾಸಣೆಗೆ ಬಂದಿದ್ದರು. ಇನ್ಸುಲಿನ್ ಇಡುವ ಫ್ರಿಜ್ಜಿನ ಉಷ್ಣಾಂಶ ಬರೆಯುವ ಪುಸ್ತಕ ಕೇಳಿದರು. ನಿಮ್ಮ ಮುತ್ತಿನಂಥ ಅಕ್ಷರವಲ್ಲವೇ, ಹೆಮ್ಮೆಯಿಂದಲೇ ಕೊಟ್ಟೆ. ಎರಡು ಹಾಳೆ ತಿರುವಿದವರು, “ಏನಮ್ಮಾ, ಮುಂದಿನ ಶನಿವಾರಾನೂ ನಾಲ್ಕೇ ಡಿಗ್ರಿ ಇರುತ್ತೆ ಅಂತ ನಿಮ್ಮಪ್ಪಂಗೆ ಹೇಗೆ ಗೊತ್ತಾಯ್ತು?” ಎಂದರು.

ಅಕ್ಕನ ಮನೆಗೆ ಹೊರಡುವ ಮುಂಚೆ, ನನಗೆ ತೊಂದರೆಯಾಗದಿರಲಿ ಎಂದು ಹದಿನೈದು ದಿನದ್ದನ್ನೂ ಬರೆದಿಟ್ಟು ಹೋಗಿದ್ದೀರಲ್ಲ ಅಪ್ಪ! ನಗು ತಡೆಯಲು ತುಟಿ ಕಚ್ಚಿಕೊಂಡೆ. ಫ್ರಿಜ್ಜು ತೆರೆದು ನೋಡಿದರೆ, ಎಂಟು ದಾಟಬಾರದ್ದು ಹನ್ನೊಂದು ಡಿಗ್ರಿ. ನಗು ಹಾರಿಹೋಯಿತು. ಬಾಗಿಲಿನ ರಬ್ಬರು ಸಡಿಲವಾಗಿತ್ತು.

ಇನ್ಸ್‌ಪೆಕ್ಟರಮ್ಮ ಎಚ್ಚರಿಕೆ ಬರೆದು ಹೋದರು. ಇದ್ದ ಇನ್ಸುಲಿನ್ ಎಲ್ಲ ತೆಗೆದಿಟ್ಟು, ರಬ್ಬರು ಬದಲಿಸಿದೆ. ನೀವು ಹೋದ ಮೇಲೆ ಕೊಂಡಿದ್ದವರು ಮೂವರೇ. ಮೂವರ ಮನೆಗೂ ಹೋಗಿ ಹೊಸದು ಕೊಟ್ಟು ಬಂದೆ. ಮೂಲೆಮನೆಯ ಅಜ್ಜಿ, “ನಿಮ್ಮಪ್ಪ ಇದ್ದಿದ್ರೆ ಹೀಗಾಗ್ತಿತ್ತೇನೇ?” ಎಂದು ಬೈದರು. “ಇಲ್ಲ ಅಜ್ಜಿ” ಎಂದೆ. ನನ್ನ ಸಂಕಟ ನೀವೇ ಊಹಿಸಿಕೊಳ್ಳಿ.

ಹೊಸ ಥರ್ಮಾಮೀಟರು ತಂದಿದ್ದೇನೆ. ಹಳೆಯದರ ಅಂಕಿಗಳು ಇರುವೆಯಷ್ಟು ಸಣ್ಣವು, ನಾನೇ ಕಣ್ಣು ಕಿರಿದು ಮಾಡಿ ಓದಬೇಕಾಯಿತು. ಇದರ ಅಂಕಿಗಳು ಅಂಗೈಯಗಲ, ನಿಮ್ಮ ಕುರ್ಚಿಯಿಂದಲೇ ಓದಬಹುದು. ಅಕ್ಕನ ಬೀದಿಯಲ್ಲಿ ಕಣ್ಣಿನ ಡಾಕ್ಟರಿದ್ದಾರಂತೆ. ಬರುವ ಮುಂಚೆ ಸುಮ್ಮನೆ ಒಮ್ಮೆ ತೋರಿಸಿಕೊಂಡು ಬನ್ನಿ.

ನೀವು ಬಂದ ದಿನದಿಂದ ಪುಸ್ತಕದಲ್ಲಿ ಮತ್ತೆ ನಿಮ್ಮ ಅಕ್ಷರವೇ ಇರಲಿ. ಆಯಾ ದಿನದ್ದನ್ನು ಆಯಾ ದಿನವೇ ಬರೆದರೆ ಸಾಕು.

ಇಂತಿ,
ಇವತ್ತಿನ ಐದು ಡಿಗ್ರಿಯನ್ನು ಇವತ್ತೇ ಬರೆದ
ನಿಮ್ಮ ಮಗಳು