ಏರಿಯ ಮೇಲಿನ ಹುತ್ತ

ಗೆಳೆಯ ಸಿಂಗ್ರೇಗೌಡನಿಗೆ,

ಪಟ್ಟಣದ ಕೋಟೆ ಬಿದ್ದ ಮೇಲೆ ನೀನು ಎಲ್ಲಿದ್ದೀಯೋ, ಇದ್ದೀಯೋ ಇಲ್ಲವೋ ತಿಳಿಯದು. ಆದರೂ ಬರೆಯುತ್ತಿದ್ದೇನೆ.

ಇವತ್ತು ಬೆಳಗ್ಗೆ ಮಂಜು ಕವಿದು, ನಮ್ಮ ಕೆರೆ ಮುಗಿಲಿನಲ್ಲಿ ತೇಲುತ್ತಿರುವಂತೆ ಕಂಡಿತು. ಏರಿಯ ಮೇಲಿನ ಹುತ್ತದ ಕೆಳಗೆ ಮಣ್ಣು ಕದಡಿದ ನೀರು ಚಿಮ್ಮುತ್ತಿತ್ತು. ಹುತ್ತದಿಂದ ಏರಿ ಟೊಳ್ಳಾಗುತ್ತಿದೆ, ಅಗೆದು ಮುಚ್ಚೋಣ ಎಂದು ನೀನು ಹಿಂದೆ ಅಂದಾಗ, ನಾಗಪ್ಪನ ಮನೆ ಮುಟ್ಟಬೇಡ ಎಂದು ಊರನ್ನೇ ನಿನ್ನ ಮೇಲೆ ಎಬ್ಬಿಸಿದವನು ನಾನು. ಮಾರನೆಯ ದಿನವೇ ನೀನು ಊರು ಬಿಟ್ಟು ಪಟ್ಟಣದ ದಂಡು ಸೇರಿದೆ.

ಇವತ್ತು ಅದೇ ಹುತ್ತದ ಮುಂದೆ ಗುದ್ದಲಿ ಹಿಡಿದು ನಿಂತಿದ್ದೆ. ಆ ಹುತ್ತಕ್ಕೆ ಹಾಲೆರೆಯುವ ಮೂಗಮ್ಮಜ್ಜಿ ಬಂದು, "ಅಗೀಲಾ ಆಚಾರಿ. ನಾಗಪ್ಪ ಇನ್ನೊಂದ್ ಕಡೆ ಓಯ್ತಾನೆ, ಊರು ಎಲ್ಲಿಗ್ ಓಗಾದು?" ಎಂದಳು.

ಅಗೆದೆ. ತೋಳು ಭುಜದವರೆಗೂ ಒಳಗೆ ಹೋಯಿತು. ಬೆರಳಿಗೆ ತಣ್ಣನೆಯ ನೀರು ತಾಕಿತು, ಎಲ್ಲೋ ಬಹಳ ದೂರದಿಂದ ಬಂದಂತೆ. ಊರೆಲ್ಲ ಸೇರಿ ಜೇಡಿಮಣ್ಣು ತುಂಬಿ, ಎತ್ತುಗಳಿಂದ ತುಳಿಸಿದೆವು. ಸಂಜೆಯ ಹೊತ್ತಿಗೆ ನೀರು ತಿಳಿಯಾಯಿತು, ಆಮೇಲೆ ನಿಂತೇ ಹೋಯಿತು.

"ಸಿಂಗ್ರೇಗೌಡ ಅವತ್ತು ಇದ್ನೇ ಅಲ್ವೇನ್ಲಾ ಯೋಳಿದ್ದು?" ಎಂದು ಪಟೇಲರು ಕೇಳಿದರು.

"ನಂಗೆ ಗ್ಯಾಪಕ ಇಲ್ಲ ಬುಡಿ" ಎಂದು ಏರಿ ಇಳಿದು ಬಂದುಬಿಟ್ಟೆ.