ಬ್ಯಾಟರಿಯ ನಲವತ್ತು ಕಿಲೋ

ಹದಿನಾಲ್ಕು, ಬುಧವಾರ.

ಆ ನಲವತ್ತು ತಲೆಯಿಂದ ಹೋಗುತ್ತಿಲ್ಲ.

ನೆರೆಯಲ್ಲಿ ಸಿಕ್ಕಿಕೊಂಡವರನ್ನು ಕರೆತರುವ, ಬ್ಯಾಟರಿಯಿಂದ ಓಡುವ ದೋಣಿ. ಮೂವರು ಮೂರು ಊರುಗಳಲ್ಲಿ ಕುಳಿತು, ಒಂದೇ ಆನ್‌ಲೈನ್ ಶೀಟಿನಲ್ಲಿ, ಒಟ್ಟಿಗೇ ವಿನ್ಯಾಸ ಮಾಡುತ್ತಿದ್ದೇವೆ. ತೂಕದ ಲೆಕ್ಕ ನನ್ನದು. ಮೊದಲ ದಿನ, ಯಾರ ಕೆಲಸವೂ ನಿಲ್ಲದಿರಲಿ ಎಂದು ಬ್ಯಾಟರಿಗೆ ನಲವತ್ತು ಕಿಲೋ ಅಂತ ತೋಚಿದ ಅಂಕಿ ತುಂಬಿದ್ದೆ. ಅಂದಾಜು ಎಂದು ಪಕ್ಕದಲ್ಲಿ ಬರೆಯಲಿಲ್ಲ.

ಇವತ್ತಿನ ಮೀಟಿಂಗಿನಲ್ಲಿ, ದೋಣಿಯ ತಳ ನೋಡಿಕೊಳ್ಳುವ ಹಿರಿಯರು ಎಲೆಕ್ಟ್ರಿಕಲ್ ಹುಡುಗಿಯನ್ನು ಕೇಳಿದರು: “ಈ ನಲವತ್ತು ನಿಮ್ದೇ ತಾನೆ? ನಾನು ಅದನ್ನ ನಂಬ್ಕೊಂಡೇ ತಳ ಮುಗಿಸಿದ್ದು.”

“ನಂದಲ್ಲ ಸರ್. ನಿಮ್ ತಳ ತಡೆಯೋದೇ ಅಷ್ಟು ಅಂದ್ಕೊಂಡು ಚಿಕ್ಕ ಬ್ಯಾಟರಿ ಹಾಕ್ದೆ. ಹೋಗೋಕೆ ಸಾಕಾಗುತ್ತೆ, ವಾಪಸ್ ಬರೋದು ಕಷ್ಟ.”

ನನ್ನ ಮೈಕ್ ಆಫ್ ಆಗಿತ್ತು. ಆನ್ ಮಾಡಲಿಲ್ಲ.

ಊಟಕ್ಕೆ ಕೂತಾಗ ಅಕ್ಕ, “ನಿನ್ ದೋಣಿ ಎಲ್ಲಿಗ್ ಬಂತೋ?” ಅಂದಳು. “ತೇಲ್ತಾ ಇದೆ” ಅಂದೆ.

ಈಗಷ್ಟೇ ಶೀಟು ತೆರೆದು, ನಲವತ್ತರ ಪಕ್ಕ ‘ಇದು ನನ್ನ ಊಹೆ, ತಪ್ಪು ನನ್ನದು’ ಎಂದು ಬರೆದೆ. ಕೈ ತೆಗೆಯುವ ಮೊದಲೇ ಹಿರಿಯರ ಹಸಿರು ಕರ್ಸರ್ ಅಲ್ಲಿಗೆ ಬಂದು ನಿಂತಿತು. ಅವರೂ ಮಲಗಿಲ್ಲ. ಹತ್ತು ನಿಮಿಷವಾಯಿತು, ಅಲುಗಾಡುತ್ತಿಲ್ಲ. ಬೈದಾದರೂ ಒಂದು ಸಾಲು ಬರೆಯಬಾರದೇ?