ಬೇಣಕ್ಕೆ ಬಿದ್ದ ಬೆಂಕಿ

19-1-2003, ಭಾನುವಾರ

ಇವತ್ತೂ ಫೈರ್‌ಲೈನ್ ಕೆಲಸ. ಗುಡ್ಡದ ಮೇಲೆ ದನ ಮೇಯುವ ಬೇಣದಲ್ಲಿ ಹುಲ್ಲು ಆಗಲೇ ಒಣಗಿ ನಿಂತಿದೆ. ಅದರ ಕೆಳಗಿನ ಅಂಚಿಗೆ ಎರಡು ಮಾರು ಅಗಲ ಕೆತ್ತಿ, ಉದುರಿದ ದರಕೆಲೆ ಗುಡಿಸಿ, ಬರೀ ಮಣ್ಣು ಕಾಣುವ ಹಾಗೆ ಮಾಡಿದೆವು. ಮೇಲೆ ಬೆಂಕಿ ಬಿದ್ದರೂ ಈ ಗೆರೆ ದಾಟಿ ಮನೆಗಳ ಕಡೆ ಇಳಿಯಬಾರದು. ಸೌಮ್ಯ ಊಟ ತಂದವಳು ತಾನೂ ಕತ್ತಿ ಹಿಡಿದಳು. ಹೆಂಡತಿಯ ಕೈ ನನಗಿಂತ ಚುರುಕು. ಅಪ್ಪನನ್ನು ಬಾಯ್ತುಂಬ ಕೆರಿಯಣ್ಣ ಎನ್ನುವ ಪಕ್ಕದ ಮನೆ ಹೊನ್ನಣ್ಣ ತನ್ನ ಭಾಗವನ್ನು ತಾನೇ ಕೆತ್ತಿದ.

ಅರಣ್ಯ ಸಮಿತಿಗೆ ಅಧ್ಯಕ್ಷನಾದ ಮೇಲೆ ಅಪ್ಪನಿಗೆ ನಾನೊಂದು ತಮಾಷೆ. "ಅಧ್ಯಕ್ಷರದ್ದು ಚಾ ಆಯ್ತಾ?" ಅನ್ನುತ್ತಾನೆ.

2-2-2003

ಬಣವೆ ಜಗಳ. ಕೊಟ್ಟಿಗೆಗೆ ತಾಗಿಯೇ ಹುಲ್ಲು ಒಟ್ಟಬೇಡಿ ಎಂದು ಶಿರಸಿಯಿಂದ ಬಂದ ಅರಣ್ಯ ಇಲಾಖೆ ಸಾಹೇಬರು ತರಬೇತಿಯಲ್ಲಿ ಹೇಳಿದ್ದರು. ಅಪ್ಪ ಒಪ್ಪಲಿಲ್ಲ.

"ಮಳೆ ಹೊಡೀವಾಗ ಗದ್ದೆಯಿಂದ ಹುಲ್ಲು ಹೊತ್ಕಂಡು ಬರ್ತಾರೇನು ನಿಮ್ಮ ಸಾಹೇಬ್ರು?"

ಕೊನೆಗೆ ಅವ್ವನೇ ಮೊದಲ ಹೊರೆ ಎತ್ತಿದಳು. ಅಪ್ಪನೂ ಒಂದು ಹೊರೆ ಹೊತ್ತು ಹಿಂದೆ ಬಂದ. ಸಂಜೆಯೊಳಗೆ ಬಣವೆ ಗದ್ದೆಗೆ ಹೋಯಿತು. ಎರಡು ಡ್ರಮ್ ನೀರು ತುಂಬಿಟ್ಟೆ, ಪಕ್ಕದಲ್ಲಿ ಗೋಣಿಚೀಲ. ದನಗಳ ಸರಪಳಿ ತೆಗೆದು ಎಳೆದರೆ ಬಿಚ್ಚುವ ಹಗ್ಗ ಹಾಕಿದೆ. ಹೊನ್ನಣ್ಣನಿಗೂ ಹೀಗೇ ಮಾಡು ಎಂದು ಹೇಳಿದೆ. "ಮಾಡ್ವ ಮಾರಾಯ, ಹಬ್ಬ ಕಳೀಲಿ" ಅಂದ.

9-3-2003

ಹುಲ್ಲು ಮುಗಿಯುತ್ತ ಬಂತು. ಎರಡು ವರ್ಷ ಮಳೆ ಸರಿಯಿಲ್ಲ. ಕೆಂಪು ಹಸುವಿನ ಪಕ್ಕೆಲುಬು ಎಣಿಸಬಹುದು. ಅಪ್ಪ ದಿನಾ ಅದರ ಬೆನ್ನು ಸವರುತ್ತ ನಿಲ್ಲುತ್ತಾನೆ... ನೋಡಲಾಗುವುದಿಲ್ಲ.

24-3-2003, ಬೆಳಿಗ್ಗೆ

ಕೈಗೆ ಬೊಬ್ಬೆ ಬಂದಿದೆ. ಆದರೂ ಬರೆಯಬೇಕು.

ನಿನ್ನೆ ವರ್ಲ್ಡ್ ಕಪ್ ಫೈನಲ್. ಗಂಡಸರಲ್ಲಿ ಹೆಚ್ಚಿನವರು ಅಂಗಡಿಯ ಟಿವಿ ಮುಂದೆ. ಆಸ್ಟ್ರೇಲಿಯಾದವರು ಬಾರಿಸುತ್ತಲೇ ಇದ್ದರು. ಸೌಮ್ಯ ಓಡಿ ಬಂದಳು, ತಲೆಗೂದಲೆಲ್ಲ ಬೂದಿ. "ಬೇಣಕ್ಕೆ ಬೆಂಕಿ" ಅಂದಳು, ಅಷ್ಟೇ.

ಗೆರೆ ಹತ್ತಿರ ಹೋದರೆ ಅಪ್ಪ ಆಗಲೇ ಅಲ್ಲಿದ್ದ. ಹಸಿ ಟೊಂಗೆ ಹಿಡಿದು ಒಬ್ಬನೇ ಬಡಿಯುತ್ತಿದ್ದ. ಎಲ್ಲರೂ ಸಾಲಾಗಿ ನಿಂತು ಬಡಿದೆವು. ನಮ್ಮ ಕಡೆ ಬೆಂಕಿ ಗೆರೆಯವರೆಗೆ ಬಂದು ನಿಂತಿತು. ನಿಂತೇ ಬಿಟ್ಟಿತು... ನಗು ಬಂತು ನನಗೆ. ಅಷ್ಟರಲ್ಲಿ ಗಾಳಿ ತಿರುಗಿತು. ಉರಿಯುವ ಎಲೆಗಳು ತಲೆಯ ಮೇಲಿಂದ ಹಾರಿಹೋಗಿ ಹೊನ್ನಣ್ಣನ ಕೊಟ್ಟಿಗೆಯ ಸೋಗೆ ಹೊದಿಸಿದ ಮಾಡಿನ ಮೇಲೆ ಬಿದ್ದವು. ಪಕ್ಕದಲ್ಲೇ ಅವನ ಬಣವೆ.

ಹೊನ್ನಣ್ಣ ದನ ಬಿಚ್ಚಲು ಒಳಗೆ ನುಗ್ಗಿದ. ಎರಡು ಹೊರಗೆ ಬಂದವು. ಮೂರನೆಯದರ ಸರಪಳಿ ಬಿಚ್ಚಲಿಲ್ಲ ಅಂತ ಕಾಣುತ್ತದೆ. ಮಾಡು ಕುಸಿಯಿತು.

ಅವನನ್ನು ಎಳೆದು ತಂದೆವು. ಒದ್ದೆ ಗೋಣಿಯಲ್ಲಿ ಸುತ್ತಿ ಜೀಪಿಗೆ ಹಾಕಿದೆವು. ಅವನ ಹೆಂಡತಿ ಬಂಗಾರಿ ಜೊತೆಗೆ ಹತ್ತಿದಳು. ಸಿದ್ದಾಪುರದಲ್ಲಿ ನೋಡಿ ಹುಬ್ಬಳ್ಳಿಗೆ ಕಳಿಸಿದರಂತೆ.

ನಮ್ಮ ಮನೆಯ ಒಂದು ಹಂಚೂ ಕದಲಿಲ್ಲ.

26-3-2003

ಹೊನ್ನಣ್ಣ ಹೋದ.

30-3-2003

ಫಾರೆಸ್ಟ್ ಗಾರ್ಡ್ ಬಂದು ಹುಚ್ಚನನ್ನು ಸಿದ್ದಾಪುರದ ಆಫೀಸಿಗೆ ಕರೆದುಕೊಂಡು ಹೋದ. ಹುಚ್ಚ ಅನ್ನುವುದೇ ಅವನ ಹೆಸರು, ಜೇನು ಇಳಿಸಿ ಮಾರುವವನು. ಜೇನು ಓಡಿಸಲು ಹಚ್ಚಿದ ಸೂಡಿಯ ಪಂಜಿನಿಂದಲೇ ಬೆಂಕಿ ಹತ್ತಿತು ಎಂದು ಅಂಗಡಿಯಲ್ಲಿ ಮಾತು. ಆ ದಿನ ಅವನು ಗುಡ್ಡದ ಆಚೆ ಇದ್ದದ್ದು ಹೌದಂತೆ. ಕೇಸು ಹಾಕುತ್ತಾರಂತೆ. ಅಧ್ಯಕ್ಷನೆಂದು ನನ್ನ ಸಹಿಯೂ ಬೇಕಂತೆ.

ಊಟದ ಹೊತ್ತಿಗೆ ಮನೆಯಲ್ಲಿ ಹೇಳಿದೆ. ಅಪ್ಪ ತಟ್ಟೆಯಲ್ಲಿ ಕೈ ತೊಳೆದು ಎದ್ದುಹೋದ. ಬೆಂಕಿ ಬಿದ್ದಾಗಿನಿಂದ ಅವನು ಸರಿಯಾಗಿ ಉಂಡಿಲ್ಲ. ಹೊನ್ನಣ್ಣನ ದುಃಖ ಅಂದುಕೊಂಡಿದ್ದೆ.

2-4-2003, ಯುಗಾದಿ

ಹಬ್ಬ ಮಾಡಲಿಲ್ಲ. ಅಪ್ಪ ಗದ್ದೆಗೆ ಕರೆದ. ಅಳಿದುಳಿದ ಬಣವೆಯ ಪಕ್ಕ ಕೂತ. ನನ್ನ ಮುಖ ನೋಡಲಿಲ್ಲ.

"ಹುಚ್ಚ ಅಲ್ಲ. ನಾನೇ ಹಚ್ಚಿದ್ದು" ಅಂದ.

 ಎಂತಕ್ಕೆ ಎಂದು ಕೇಳಿದೆನೋ ಇಲ್ಲವೋ ನೆನಪಿಲ್ಲ.

"ಒಂದು ಮೂಲೆ ಸುಟ್ರೆ ಮೊದ್ಲ ಮಳೆಗೆ ಚಿಗುರು ಬತ್ತದೆ. ದನಕ್ಕೆ ಆಗ್ತದೆ ಅಂತ. ಮೊದ್ಲೆಲ್ಲ ಹೆದ್ರಿಕೆ ಇತ್ತು ಮಗ, ನಾಕು ಜನ ಇಲ್ದೆ ಹಚ್ತಿರ್ಲಿಲ್ಲ. ಈ ಸಲ ನೀ ಗೆರೆ ಕಡ್ದಿದ್ದೆ ಅಲ್ದಾ... ದಾಟೂದಿಲ್ಲ ಅಂದ್ಕಂಡೆ."

ನಾನು ಕಡಿದ ಗೆರೆ. ಅದನ್ನೇ ನಂಬಿದ.

ಬೈಯಬೇಕು ಅನ್ನಿಸಿತು.   ಮೇಲೆ ಕಪ್ಪು ಗುಡ್ಡ.

3-4-2003

ಅವ್ವನಿಗೆ ಮೊದಲೇ ಗೊತ್ತಿತ್ತು. "ಎಪ್ಪತ್ತಾತು ಅವರಿಗೆ. ನೀ ಜೈಲಿಗೆ ಕಳಿಸ್ತ್ಯಾ?" ಎಂದು ನನ್ನನ್ನೇ ಕೇಳಿದಳು.

ಸೌಮ್ಯ ಒಲೆ ಮುಂದೆ ಕೂತಿದ್ದವಳು, "ಹುಚ್ಚನ ಮನೇಲೂ ಹೆಂಡ್ತಿ ಮಕ್ಕಳಿದಾರೆ ಅತ್ತೆ" ಅಂದಳು.

ಅವ್ವ ಸೌಟು ಬಿಸಾಡಿ ಒಳಗೆ ಹೋದಳು.  ಸಹಿ ಹಾಕುವುದಿಲ್ಲ ಎಂದು ಮಾತ್ರ ಗೊತ್ತು. ಅಪ್ಪನ ಹೆಸರು ಹೇಳುತ್ತೇನೆಯೇ? ಗೊತ್ತಿಲ್ಲ. ಹೇಳಿದರೆ ಈ ಮನೆಯಲ್ಲಿ ಹೇಗೆ ಇರುವುದು? ಹೇಳದಿದ್ದರೆ —

4-4-2003, ಬೆಳಿಗ್ಗೆ

ನಾನು ಏಳುವ ಮೊದಲೇ ಅಪ್ಪ ಬಂಗಾರಿ ಅತ್ತಿಗೆಯ ಹತ್ತಿರ ಹೋಗಲು ಹೊರಟಿದ್ದ. ಹಿಂದೆ ಓಡಿದೆ. ಅತ್ತಿಗೆ ಸುಟ್ಟ ಕೊಟ್ಟಿಗೆಯ ಜಾಗ ಗುಡಿಸುತ್ತಿದ್ದಳು. ಅಪ್ಪ ಅಂಗಳದಲ್ಲೇ ನಿಂತು ಎಲ್ಲ ಹೇಳಿದ. ನಾನು ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆದಿದ್ದರೆ ಒಳ್ಳೆಯದಿತ್ತು.

ಅವಳು ಕೈಯ ಕಸಬರಿಗೆಯನ್ನು ಕೆಳಗೆ ಹಾಕಲೂ ಇಲ್ಲ.

"ಗೊತ್ತು. ಅವ್ರು ನೋಡಿದ್ರು ನಿಮ್ಮನ್ನ, ಬೇಣದಾಗೆ ಬೆಂಕಿ ಹಚ್ಚೂವಾಗ. ಪೊಲೀಸ್ರು ಆಸ್ಪತ್ರೆಗೆ ಬಂದಾಗ ಯಾರಂತ ಗೊತ್ತಿಲ್ಲ ಅಂದ್ರು. ಆಮೇಲೆ ನಂಗೂ ಹೇಳಿದ್ರು, ಕೆರಿಯಣ್ಣನ ಹೆಸ್ರು ತೆಗೀಬ್ಯಾಡ ಅಂತ."

ಅಪ್ಪ ಅಲ್ಲೇ ನೆಲಕ್ಕೆ ಕೂತುಬಿಟ್ಟ. ಮೈಮೇಲೆ ಚರ್ಮವಿಲ್ಲದ ಆ ಮನುಷ್ಯ, ಆ ನೋವಿನಲ್ಲಿ... 

ಅತ್ತಿಗೆ ಮತ್ತೆ ಅಂದಳು: "ಅವ್ರು ಹೇಳಿದ್ದು ಅವ್ರ ಮಾತು. ನಂಗೆ ನಿಮ್ಮ ಮುಖ ನೋಡೂಕೆ ಆಗೂದಿಲ್ಲ. ಹುಚ್ಚನ್ನ ಬಿಡಿಸ್ಕಂಡು ಬನ್ನಿ. ಹೋಗಿ."

ಈಗ ಅಪ್ಪ ಜಗುಲಿಯಲ್ಲಿ ಅಂಗಿ ಹಾಕಿಕೊಳ್ಳುತ್ತಿದ್ದಾನೆ. ಗುಂಡಿ ಸೇರುತ್ತಿಲ್ಲ. ಅವ್ವ ಅಳುತ್ತಲೇ ಬಂದು ಹಾಕಿಕೊಟ್ಟಳು. ಸೌಮ್ಯ ನನ್ನ ಚಪ್ಪಲಿಯನ್ನೂ ತಂದು ಬಾಗಿಲಲ್ಲಿಟ್ಟಳು. ಮನ್ಮನೆ ಕಡೆಯಿಂದ ಸಿದ್ದಾಪುರದ ಬಸ್ಸಿನ ಸದ್ದು. ಅಪ್ಪ ಎದ್ದ. ಆಫೀಸಿನಲ್ಲಿ ಮೊದಲು ಯಾರು ಮಾತಾಡಬೇಕು ಎಂದು ಕೇಳುತ್ತಿದ್ದಾನೆ. ನಾನೂ ಚಪ್ಪಲಿ ಮೆಟ್ಟಬೇಕು, ಉಳಿದದ್ದು ಬಂದ ಮೇಲೆ.